ಓದುಗರ ಪ್ರಶ್ನೆ, ನಮ್ಮ ಉತ್ತರ: ತೋಟದ ಲೆಕ್ಕವನ್ನ ಗಿಟ್‌ನಲ್ಲಿ ಇಡಬಹುದಾ?

ಈ ಸಲ ಕೊಡಗಿನಿಂದ ಬಂದ ಪ್ರಶ್ನೆಗಳಲ್ಲಿ ಐದು ಪ್ರಶ್ನೆ ಸುತ್ತಿ ಬಳಸಿ ಒಂದೇ ಜಾಗಕ್ಕೆ ಬಂದು ನಿಲ್ತವೆ, ಅದಕ್ಕೇ ಮಿಕ್ಕಿದ್ದನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವಕ್ಕೇ ಪೂರ್ತಿ ಜಾಗ ಕೊಟ್ಟಿದ್ದೀನಿ. ಗಿಟ್ ಗೊತ್ತಿಲ್ಲದವರಿಗೆ ಎರಡೇ ಮಾತು. ಪ್ರೋಗ್ರಾಮ್ ಬರೆಯೋರು ಯಾವತ್ತು, ಯಾರು, ಯಾವ ಸಾಲು ಬದಲಾಯಿಸಿದ್ರು ಅಂತ ಉಳಿಸ್ಕೊಳ್ಳೋಕೆ ಬಳಸೋ ಸಾಧನ ಅದು. ಲಿನಕ್ಸ್ ಮಾಡಿದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕೋಡ್ ನೋಡ್ಕೊಳ್ಳೋಕೆ ಅಂತಲೇ ಅದನ್ನ ಬರೆದ್ರು. ಕಮಿಟ್ ಮಾಡೋದು ಅಂದ್ರೆ ಆ ಹೊತ್ತಿಗೆ ಎಲ್ಲಾ ಫೈಲುಗಳು ಹೇಗಿದ್ವೋ ಹಾಗೇ ಒಂದು ಫೋಟೋ ತೆಗೆದು ಅದರ ಹಿಂದೆ ಹೆಸರು, ಟೈಮು, ಕಾರಣ ಬರೆದಿಡೋದು.

ಪ್ರಶ್ನೆ (ನಾಪೋಕ್ಲು ಕಡೆಯಿಂದ, ಇಂಜಿನಿಯರಿಂಗ್ ವಿದ್ಯಾರ್ಥಿ): ಸರ್, ನಮ್ಮದು ರೋಬಸ್ಟಾ ತೋಟ, ಮಧ್ಯೆ ಕರಿಮೆಣಸು ಇದೆ. ಹೋದ ವರ್ಷ ಕುಯ್ಲಿನ ಟೈಮಲ್ಲಿ ತೂಕದ ಪುಸ್ತಕದಲ್ಲಿ 42 ಇದ್ದಿದ್ದು 47 ಆಗಿತ್ತು, ಯಾರು ತಿದ್ದಿದ್ದು ಅಂತ ಗೊತ್ತಾಗದೆ ದೊಡ್ಡ ಜಗಳ ಆಯ್ತು. ಅಪ್ಪ ‘ಯಾರೂ ಕದ್ದು ತಿದ್ದೋಕಾಗದ ಲೆಕ್ಕ ಮಾಡ್ಕೊಡು’ ಅಂದ್ರು. ನಾನು ಒಂದು ಆಪ್ ಮಾಡ್ದೆ, ಸಂಜೆ ತೂಕ ಹಾಕ್ದಾಗ ಒಂದು ಜೇಸನ್ ಫೈಲಿಗೆ (ಅಕ್ಷರ ರೂಪದಲ್ಲಿ ಡೇಟಾ ಬರೆದಿಡೋ ಫೈಲು) ಸೇರಿಸಿ ಕೂಡ್ಲೇ ಗಿಟ್ ಕಮಿಟ್ ಮಾಡುತ್ತೆ. ಎರಡು ಡಿವಿಷನ್ ಇದೆ, ಎರಡೂ ಕಡೆ ಒಂದೊಂದು ಹಳೇ ಲ್ಯಾಪ್‌ಟಾಪ್. ರಾತ್ರಿ ಮನೆಗೆ ತಂದು ಎರಡನ್ನೂ ಸೇರಿಸೋವಾಗ ದಿನಾ ಕಾನ್‌ಫ್ಲಿಕ್ಟ್ ಬರುತ್ತೆ, ಫೆಬ್ರವರಿ ಹೊತ್ತಿಗೆ ತುಂಬಾ ಸ್ಲೋ ಆಯ್ತು, ಒಂದಿನ ಬ್ಯಾಟರಿ ಸತ್ತು ಲ್ಯಾಪ್‌ಟಾಪ್ ಆಫ್ ಆದ್ಮೇಲೆ ಗಿಟ್ ತೆರೆಯಲೇ ಇಲ್ಲ. ಗಿಟ್ಟನ್ನೇ ಡೇಟಾಬೇಸ್ ಮಾಡ್ಕೊಂಡಿದ್ದು ತಪ್ಪಾಯ್ತಾ?

ಉತ್ತರ: ನಿಮ್ಮ ಅಪ್ಪ ಕೇಳಿದ್ದು ಸರಿಯಾಗೇ ಇದೆ, ನೀವು ಗಿಟ್ ಕಡೆ ನೋಡಿದ್ದೂ ಸಹಜ. ತೋಟದ ಲೆಕ್ಕ ಬರೆಯೋ ಹಳೇ ರೈಟರುಗಳು ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಬರೆಯೋವಾಗ ಅಳಿಸ್ತಿರಲಿಲ್ಲ, ತಪ್ಪಾದ್ರೆ ಒಂದೇ ಗೆರೆ ಎಳೆದು ಮೇಲೆ ಸರಿಯಾದ್ದು ಬರೆದು ಪಕ್ಕದಲ್ಲಿ ಸಣ್ಣ ಸಹಿ ಹಾಕೋರು, ಕೆಳಗಿನ ತಪ್ಪು ಓದೋಕೆ ಕಾಣ್ಲೇಬೇಕು ಅನ್ನೋದು ಲೆಕ್ಕ. ಗಿಟ್ ಮಾಡೋದೂ ಅದನ್ನೇ. ತೊಂದರೆ ಬಂದಿದ್ದು ಎಲ್ಲಿ ಅಂದ್ರೆ, ಪ್ರತಿ ತೂಕಕ್ಕೂ ಅದನ್ನ ಕರೆದಿರಲ್ಲ, ಅಲ್ಲಿ.

ಲೆಕ್ಕ ಹಾಕಿ ನೋಡಿ. ಒಂದು ಡಿವಿಷನ್ನಿನಲ್ಲಿ 60 ಜನ ಹಣ್ಣು ಕುಯ್ತಾರೆ, ಮಧ್ಯಾಹ್ನ ಒಂದ್ಸಲ ಸಂಜೆ ಒಂದ್ಸಲ ತೂಕ ಅಂತಿಟ್ಕೊಳ್ಳಿ, ದಿನಕ್ಕೆ 120 ಕಮಿಟ್. ಒಂದು ಕಮಿಟ್ ಆದ್ರೆ ಗಿಟ್ ಒಳಗೆ ಕಮ್ಮಿ ಅಂದ್ರೂ ಮೂರು ವಸ್ತು ಹುಟ್ಟುತ್ತೆ: ಫೈಲಿನ ಒಳಗಿರೋ ವಿಷಯಕ್ಕೆ ಒಂದು ಬ್ಲಾಬ್, ಯಾವ ಹೆಸರಲ್ಲಿ ಯಾವ ಫೈಲಿದೆ ಅನ್ನೋಕೆ ಒಂದು ಟ್ರೀ, ಯಾರು ಯಾವಾಗ ಅನ್ನೋಕೆ ಒಂದು ಕಮಿಟ್. ಅಲ್ಲಿಗೆ ದಿನಕ್ಕೆ 360 ಸಣ್ಣ ಸಣ್ಣ ಫೈಲು. ಹೀಗೆ ಬಿಡಿ ಬಿಡಿಯಾಗಿ ಬಿದ್ದಿರೋದು ಸುಮಾರು 6,700 ದಾಟಿದ್ರೆ ಗಿಟ್ ತಾನಾಗೇ ಎಲ್ಲಾ ಒಟ್ಟು ಮಾಡಿ ಪ್ಯಾಕ್ ಮಾಡೋಕೆ ಕೂರುತ್ತೆ, ನಿಮ್ಮ ಲೆಕ್ಕದಲ್ಲಿ 18-19 ದಿನಕ್ಕೊಮ್ಮೆ, ಹಳೇ ಲ್ಯಾಪ್‌ಟಾಪಿನಲ್ಲಿ ಅದು ತೂಕದ ಹೊತ್ತಲ್ಲೇ ಶುರು ಆದ್ರೆ ಹಣ್ಣಿನ ಚೀಲ ಹೊತ್ತು ಕ್ಯೂ ನಿಂತವರು ಕಾಯ್ಬೇಕು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಮ್ಮದು ಒಂದೇ ಜೇಸನ್ ಫೈಲು. 45 ದಿನ ಕುಯ್ಲು ಆಗಿದ್ರೆ ಅದರಲ್ಲಿ ಒಂದು ಡಿವಿಷನ್ನಿನದ್ದೇ 5,400 ತೂಕ ಇರುತ್ತೆ. 5,401ನೇದು ಸೇರಿಸಿದ್ರೆ ಗಿಟ್‌ಗೆ ಅದು ಪೂರ್ತಿ ಹೊಸ ಫೈಲು, ಮೊದಲಿಂದ ಕೊನೇವರೆಗೂ ಓದಿ, ಹ್ಯಾಶ್ (ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿ ತೆಗೆಯೋ ಗುರುತಿನ ನಂಬರ್) ಮಾಡಿ, ಕುಗ್ಗಿಸಿ ಇನ್ನೊಂದು ಕಾಪಿ ಇಡುತ್ತೆ. ಒಬ್ಬರ ತೂಕ ಬರೆಯೋಕೆ ಇಡೀ ಸೀಸನ್ನಿನ ಪುಸ್ತಕ ಕಾಪಿ ಹೊಡೆದ ಹಾಗಾಯ್ತು, ಹಾಗಾಗಿ ಕುಯ್ಲು ಮುಂದುವರೀತಾ ಹೋದಷ್ಟೂ ಸ್ಲೋ ಆಗಿದೆ. ಪ್ಯಾಕ್ ಮಾಡಿದ್ಮೇಲೆ ವ್ಯತ್ಯಾಸ ಮಾತ್ರ ಉಳಿಸ್ಕೊಂಡು ಜಾಗ ಕಮ್ಮಿ ಮಾಡ್ಕೊಳ್ಳುತ್ತೆ ನಿಜ, ಆದ್ರೆ ಬರೆಯೋ ಹೊತ್ತಿನ ಕಷ್ಟ ಅದರಿಂದ ಹೋಗಲ್ಲ.

ಕಾನ್‌ಫ್ಲಿಕ್ಟ್ ಬರೋದಕ್ಕೆ ಕಾರಣ ತುಂಬಾ ಸಣ್ಣದು. ಎರಡೂ ಡಿವಿಷನ್ನಿನವರು ಫೈಲಿನ ಕೊನೇ ಸಾಲಿನ ಕೆಳಗೇ ಸೇರಿಸ್ತಾರೆ. ಗಿಟ್ ಕಣ್ಣಿಗೆ ಇಬ್ಬರೂ ಒಂದೇ ಜಾಗ ಮುಟ್ಟಿದ್ದಾರೆ, ಅದು ಮನುಷ್ಯರು ನಿರ್ಧಾರ ಮಾಡ್ಲಿ ಅಂತ ಫೈಲಿನೊಳಗೇ ಏಳು ಕೋನದ ಗುರುತು (<<<<<<<), ಮಧ್ಯದಲ್ಲಿ ಏಳು ಸಮ ಗುರುತು (=======), ಆಮೇಲೆ ಮತ್ತೆ ಏಳು ಕೋನದ ಗುರುತು (>>>>>>>) ಹಾಕಿ ಕೂತ್ಬಿಡುತ್ತೆ. ನಿಜವಾಗ್ಲೂ ಅಲ್ಲಿ ಯಾವ ಜಗಳವೂ ಇಲ್ಲ, ಎರಡೂ ತೂಕ ಬೇಕು. ಇದನ್ನ ಗಿಟ್‌ಗೆ ಹೇಳಿಕೊಡೋಕೆ ಯೂನಿಯನ್ ಮರ್ಜ್ ಅಂತ ಒಂದು ದಾರಿ ಇದೆ, ಎರಡೂ ಕಡೆ ಸಾಲು ಇಟ್ಕೋ ಅನ್ನೋದು, ಆದ್ರೆ ಜೇಸನ್‌ನಲ್ಲಿ ಒಂದು ಅಲ್ಪವಿರಾಮ ತಪ್ಪಿದ್ರೂ ಫೈಲ್ ಪೂರ್ತಿ ಓದೋಕಾಗಲ್ಲ, ಹಾಗಾಗಿ ನಿಮಗೆ ಅದು ಬೇಡ.

ಇನ್ನು ಬ್ಯಾಟರಿ ಸತ್ತಿದ್ದು. ಇದನ್ನ ನಾನು ಸ್ವಂತ ಅನುಭವದಿಂದ ಹೇಳ್ತೀನಿ. ಒಂದು ಮಳೆಗಾಲ ನಮ್ಮ ಪರಿಚಯದವರ ಮೆಣಸಿನ ಸ್ಟಾಕ್ ಲೆಕ್ಕವನ್ನ ಇದೇ ಥರ ಗಿಟ್‌ನಲ್ಲಿ ಇಟ್ಟಿದ್ದೆ, ಮೂರು ದಿನ ಕರೆಂಟು ಇಲ್ಲ, ಯುಪಿಎಸ್ ಮೇಲೆ ನಡೀತಿತ್ತು, ಕಮಿಟ್ ಆಗ್ತಿರೋವಾಗಲೇ ಅದೂ ನಿಂತು ಹೋಯ್ತು. ಕರೆಂಟು ಬಂದು ತೆಗೆದು ನೋಡಿದ್ರೆ ‘ಆಬ್ಜೆಕ್ಟ್ ಫೈಲ್ ಖಾಲಿ ಇದೆ’ ಅಂತ ಮೆಸೇಜ್. ಹೆಸರಿದೆ, ಒಳಗೆ ಸೊನ್ನೆ ಬೈಟ್. ಫೈಲಿನ ಹೆಸರು ಡಿಸ್ಕಿಗೆ ಹೋಗಿ ಒಳಗಿನ ವಿಷಯ ಹೋಗೋ ಮುಂಚೆ ಕರೆಂಟು ಹೋಗಿತ್ತು. ಇನ್ನೊಂದು ಲ್ಯಾಪ್‌ಟಾಪಿಗೆ ಹಿಂದಿನ ದಿನ ಕಳಿಸಿದ್ದ ಕಾಪಿ ಇದ್ದಿದ್ರಿಂದ ಉಳೀತು, ಆ ಒಂದು ದಿನದ ಲೆಕ್ಕ ಚೀಟಿ ನೋಡಿ ಮತ್ತೆ ಬರೆಯಬೇಕಾಯ್ತು. ನಿಮ್ಮದು ಇದೇನಾ ಅಂತ ಮೊದ್ಲು ನೋಡಿ, ಯಾಕಂದ್ರೆ ಇಂಡೆಕ್ಸ್ ಡಾಟ್ ಲಾಕ್ ಅನ್ನೋ ಫೈಲ್ ಉಳಿದಿದೆ ಅಂತ ಮಾತ್ರ ಹೇಳ್ತಿದ್ರೆ ಅದು ಸಣ್ಣ ಸಮಸ್ಯೆ, ಬೇರೆ ಗಿಟ್ ಕೆಲಸ ಯಾವುದೂ ನಡೀತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಆ ಲಾಕ್ ಫೈಲ್ ತೆಗೆದ್ರೆ ಸಾಕು. ಖಾಲಿ ಆಬ್ಜೆಕ್ಟ್ ಆಗಿದ್ರೆ ಆ ಫೋಲ್ಡರನ್ನ ಹಾಗೇ ಕಾಪಿ ಮಾಡಿ ಪಕ್ಕಕ್ಕಿಟ್ಟು, ಇನ್ನೊಂದು ಲ್ಯಾಪ್‌ಟಾಪಿನಿಂದ ಹೊಸದಾಗಿ ಕ್ಲೋನ್ (ಇತಿಹಾಸ ಸಮೇತ ಪೂರ್ತಿ ಕಾಪಿ) ತಗೊಳ್ಳಿ, ಜೇಸನ್ ಫೈಲ್ ಚೆನ್ನಾಗಿದ್ರೆ ಅದನ್ನ ಮಾತ್ರ ತಂದು ಮೇಲೆ ಹಾಕಿ.

ಮುಂದಿನ ಸೀಸನ್ನಿಗೆ ನಾನು ಹೇಳೋದು ಹೀಗೆ. ತೂಕ ಬರೆಯೋದು ಎಸ್‌ಕ್ಯೂಎಲೈಟ್ ಅನ್ನೋ ಡೇಟಾಬೇಸಿನಲ್ಲಿ. ಫ್ರೀ ಇದೆ, ಸರ್ವರ್ ಬೇಡ, ಅದೂ ಒಂದೇ ಫೈಲು, 2000ನೇ ಇಸವಿಯಿಂದ ಇದೆ, ನಿಮ್ಮ ಫೋನಿನೊಳಗೂ ಈಗಾಗ್ಲೇ ಕೆಲಸ ಮಾಡ್ತಿದೆ. ಬರೆಯೋ ಮಧ್ಯದಲ್ಲಿ ಕರೆಂಟು ಹೋದ್ರೆ ಮುಂದಿನ ಸಲ ತೆರೆದಾಗ ಅರ್ಧ ಬರೆದದ್ದನ್ನ ತಾನೇ ವಾಪಸ್ ತಗೊಂಡು ಹಿಂದಿನ ಸರಿಯಾದ ಸ್ಥಿತಿಗೆ ಬರುತ್ತೆ, ಅದರ ಕೆಲಸವೇ ಅದು. ‘ಈ ಮೇಸ್ತ್ರಿ ಕಡೆಯವರು ಜನವರಿಯಲ್ಲಿ ಒಟ್ಟು ಎಷ್ಟು ಕೆಜಿ’ ಅಂತ ಕೇಳಿದ್ರೆ ಇಂಡೆಕ್ಸ್ ನೋಡಿ ಕಣ್ಣು ಮಿಟುಕಿಸೋದ್ರೊಳಗೆ ಹೇಳುತ್ತೆ, ಗಿಟ್‌ಗೆ ಮೇಸ್ತ್ರಿ, ಕೆಜಿ, ಜನವರಿ ಯಾವುದೂ ಗೊತ್ತಿಲ್ಲ, ನೀವೇ ಫೈಲ್ ಓದಿ ಕೂಡಿಸ್ಬೇಕು.

ಆದ್ರೆ ಎರಡು ಲ್ಯಾಪ್‌ಟಾಪಿನ ಲೆಕ್ಕ ಸೇರಿಸೋದು ಎಸ್‌ಕ್ಯೂಎಲೈಟ್ ಹಾಕಿದ ಮಾತ್ರಕ್ಕೆ ತಾನಾಗಿ ಆಗಲ್ಲ, ಅದು ನಿಮ್ಮ ಆಪಿನ ಕೆಲಸ. ಪ್ರತಿ ತೂಕಕ್ಕೂ ಲ್ಯಾಪ್‌ಟಾಪಿನ ಹೆಸರು ಮತ್ತೆ ಅದರದ್ದೇ ಓಡೋ ನಂಬರ್ ಕೊಡಿ, ಮೇಲ್‌ಡಿವಿಷನ್ 1, 2, 3, ಕೆಳಡಿವಿಷನ್ 1, 2, 3. ರಾತ್ರಿ ಸೇರಿಸೋವಾಗ ಇಲ್ಲದೇ ಇರೋ ನಂಬರ್ ಮಾತ್ರ ಒಳಗೆ ಹಾಕೋದು. ಎರಡು ಸಲ ಸೇರಿಸಿದ್ರೂ ಡಬಲ್ ಆಗಲ್ಲ.

ಅಪ್ಪ ಕೇಳಿದ ಮಾತಿಗೆ ಈಗ ಬರ್ತೀನಿ. ಟೇಬಲ್ಲಿನಲ್ಲಿ ಒಂದು ಸಲ ಬರೆದ ಸಾಲನ್ನ ಬದಲಾಯಿಸೋಕೂ ಅಳಿಸೋಕೂ ಬಿಡದ ಹಾಗೆ ಟ್ರಿಗ್ಗರ್ (ಡೇಟಾಬೇಸ್ ತಾನೇ ಜಾರಿ ಮಾಡೋ ನಿಯಮ) ಹಾಕಿ. 42 ಅಂತ ಹಾಕ್ಬೇಕಿದ್ದು 47 ಆಗಿದ್ರೆ ‘ಇಂಥಾ ನಂಬರಿನ ತೂಕಕ್ಕೆ 5 ಕೆಜಿ ಕಳೆ, ಇಂಥವರು, ಇಂಥಾ ಕಾರಣ’ ಅಂತ ಹೊಸ ಸಾಲು ಬರೀಬೇಕು, ಗೆರೆ ಎಳೆದು ಸಹಿ ಹಾಕಿದ ಹಾಗೆ. ಟ್ರಿಗ್ಗರನ್ನೇ ತೆಗೆದು ಹಾಕೋರೂ ಇರಬಹುದು, ಅಲ್ಲಿಗೆ ಗಿಟ್ ಬೇಕು. ದಿನಾ ರಾತ್ರಿ ಒಂದೇ ಸಲ, ಆ ದಿನದ ಎಲ್ಲಾ ತೂಕವನ್ನ ಒಂದು ತೂಕಕ್ಕೆ ಒಂದು ಸಾಲಿನಂತೆ, ನಂಬರ್ ಪ್ರಕಾರ ಜೋಡಿಸಿ ತಾರೀಖಿನ ಹೆಸರಿನ ಹೊಸ ಫೈಲಿಗೆ ಇಳಿಸಿ ಕಮಿಟ್ ಮಾಡಿ, ಮೈಸೂರಲ್ಲೋ ಬೆಂಗಳೂರಲ್ಲೋ ಇರೋ ನೆಂಟರ ಮಷೀನಿಗೆ ಕಳಿಸಿ. ಸಾವಿರಾರು ಕಮಿಟ್ ಹೋಗಿ ಸೀಸನ್ನಿಗೆಲ್ಲಾ 45 ಆಗುತ್ತೆ. ಪ್ರತಿ ಕಮಿಟ್ಟಿನ 40 ಅಕ್ಷರದ ಹ್ಯಾಶ್ ಒಳಗೆ ಹಿಂದಿನ ಕಮಿಟ್ಟಿನ ಹ್ಯಾಶೂ ಸೇರಿರೋದ್ರಿಂದ ಜನವರಿ 3ರ ಒಂದು ಅಂಕಿ ತಿದ್ದಿದ್ರೂ ಆಮೇಲಿನ ಎಲ್ಲಾ ದಿನದ ಹ್ಯಾಶ್ ಬದಲಾಗುತ್ತೆ. ಅಪ್ಪ ಮಳೆ ಇಂಚು ಸೆಂಟು ಬರೆಯೋ ಡೈರಿ ಇಟ್ಟಿರ್ತಾರಲ್ಲ, ವಾರಕ್ಕೊಮ್ಮೆ ಅದರಲ್ಲಿ ಆ ದಿನದ ಪೂರ್ತಿ 40 ಅಕ್ಷರ ಅವರ ಕೈಯಲ್ಲೇ ಬರೆಸಿ. ಆಮೇಲೆ ಯಾರು ಕಂಪ್ಯೂಟರ್ ತಿದ್ದಿದ್ರೂ ಡೈರಿ ತಿದ್ದೋಕಾಗಲ್ಲ.

ಒಂದು ಎಚ್ಚರ. ಕಮಿಟ್ಟಿನಲ್ಲಿ ಬರೋ ಹೆಸರು, ಟೈಮು ಎರಡೂ ಆ ಲ್ಯಾಪ್‌ಟಾಪಿನ ಸೆಟ್ಟಿಂಗಿನಿಂದ ಬರೋದು, ಯಾರ ಹೆಸರು ಬೇಕಾದ್ರೂ ಹಾಕ್ಬಹುದು. ಇಂಥವರೇ ಮಾಡಿದ್ದು ಅಂತ ಸಾಬೀತಾಗ್ಬೇಕಾದ್ರೆ ಕಮಿಟ್ಟಿಗೆ ಡಿಜಿಟಲ್ ಸಹಿ ಹಾಕ್ಬೇಕು. ಮಜೂರಿ ಜಗಳದಲ್ಲಿ ಬರೀ ಗಿಟ್ ಲಾಗ್ ತೋರಿಸಿ ಯಾರನ್ನೂ ಕಳ್ಳ ಅನ್ಬೇಡಿ.

ಪ್ರಶ್ನೆ (ಮಡಿಕೇರಿ ಹತ್ತಿರ ಹೋಮ್‌ಸ್ಟೇ ನಡೆಸೋ ದಂಪತಿ): ನಮ್ಮ ಮಗ ಬುಕಿಂಗ್ ಲೆಕ್ಕಕ್ಕೆ ಒಂದು ಬುಕಿಂಗಿಗೆ ಒಂದು ಫೈಲ್ ಅಂತ ಮಾಡಿ ಗಿಟ್‌ನಲ್ಲಿ ಇಟ್ಟಿದ್ದಾನೆ, ನಾನೊಂದು ಫೋನು, ನಮ್ಮೆಜಮಾನ್ರು ಒಂದು ಕಂಪ್ಯೂಟರ್. ಯಾವತ್ತೂ ಕಾನ್‌ಫ್ಲಿಕ್ಟ್ ಬಂದಿಲ್ಲ. ಆದ್ರೂ ಡಿಸೆಂಬರ್ ರಜೆಯಲ್ಲಿ ಒಂದೇ ರೂಮಿಗೆ ಎರಡು ಫ್ಯಾಮಿಲಿ ಬಂದ್ರು. ಹೇಗಾಯ್ತು?

ಉತ್ತರ: ಅಮ್ಮಾ, ಕಾನ್‌ಫ್ಲಿಕ್ಟ್ ಬರಲಿಲ್ಲವಲ್ಲ, ಹಾಗೇ ಆಗಿದ್ದು. ಗಿಟ್ ನೋಡೋದು ಸಾಲುಗಳನ್ನ, ನಿಮ್ಮ ಮನೆಯಲ್ಲಿ ಎಷ್ಟು ರೂಮಿದೆ ಅಂತ ಅದಕ್ಕೆ ಗೊತ್ತಿಲ್ಲ. ನೀವು ಒಂದು ಫೈಲ್ ಸೇರಿಸಿದ್ರಿ, ಯಜಮಾನ್ರು ಇನ್ನೊಂದು ಫೈಲ್ ಸೇರಿಸಿದ್ರು, ಹೆಸರು ಬೇರೆ ಬೇರೆ, ಗಿಟ್ ಎರಡನ್ನೂ ಪ್ರೀತಿಯಿಂದ ಪಕ್ಕ ಪಕ್ಕ ಇಟ್ಕೊಳ್ತು. ಎರಡೂ ಫೈಲು ಒಂದೇ ತಾರೀಖು ಒಂದೇ ರೂಮ್ ಹೇಳ್ತಿದ್ವು ಅಷ್ಟೆ. ಮರ್ಜ್ ಸಲೀಸಾಗಿ ಆಯ್ತು ಅಂದ್ರೆ ಲೆಕ್ಕ ಸರಿ ಇದೆ ಅಂತ ಅರ್ಥ ಅಲ್ಲ, ಇದು ಗಿಟ್ಟನ್ನ ಡೇಟಾಬೇಸ್ ಥರ ಬಳಸೋರೆಲ್ಲ ಮೊದಲು ತಿಳ್ಕೋಬೇಕಾದ್ದು.

ಡೇಟಾಬೇಸಿನಲ್ಲಿ ರೂಮು ಮತ್ತೆ ತಾರೀಖು ಜೋಡಿ ಒಂದೇ ಸಲ ಇರಬೇಕು ಅಂತ ನಿಯಮ ಹಾಕ್ಬಹುದು, ಯೂನೀಕ್ ಅಂತಾರೆ, ರಾತ್ರಿ ಲೆಕ್ಕಕ್ಕೆ ಒಂದೊಂದು ರಾತ್ರಿಗೂ ಒಂದು ಸಾಲು. ಎರಡನೇಯವರು ಬುಕ್ ಮಾಡೋಕೆ ಹೋದ್ರೆ ಆ ಕ್ಷಣಕ್ಕೇ ಆಗಲ್ಲ ಅನ್ನುತ್ತೆ, ಫೋನಿನಲ್ಲಿ ಇರೋ ಗಿರಾಕಿಗೆ ಅಲ್ಲೇ ಹೇಳ್ಬಹುದು. ಇದಕ್ಕೆ ಎರಡು ಕಡೆ ಎರಡು ಕಾಪಿ ಇರೋ ಹಾಗಿಲ್ಲ, ಇಬ್ಬರೂ ಒಂದೇ ಡೇಟಾಬೇಸಿಗೆ ಹೋಗ್ಬೇಕು, ಆನ್‌ಲೈನಿನಲ್ಲಿರೋ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಆದ್ರೂ ಸರಿ. ನಿಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುತ್ತಲ್ಲ, ಆ ಹೊತ್ತಲ್ಲಿ ಬಂದ ಫೋನಿಗೆ ‘ನೋಡಿ ಹೇಳ್ತೀನಿ’ ಅನ್ನಿ, ಖಾತ್ರಿ ಕೊಡ್ಬೇಡಿ. ಮಗನಿಗೆ ಬೈಬೇಡಿ, ಒಂದು ಬುಕಿಂಗಿಗೆ ಒಂದು ಫೈಲ್ ಮಾಡಿದ್ದು ಬುದ್ಧಿವಂತಿಕೆನೇ, ಕೆಲಸ ಮಾತ್ರ ಬೇರೆ ಥರದ್ದು.

ಪ್ರಶ್ನೆ (ಕುಶಾಲನಗರದಿಂದ): ದೊಡ್ಡ ದೊಡ್ಡ ಸಾಫ್ಟ್‌ವೇರಿನವರೇ ಗಿಟ್‌ಹಬ್ಬನ್ನ (ಗಿಟ್‌ನಲ್ಲಿರೋದನ್ನ ಆನ್‌ಲೈನ್ ಇಡೋ ಜಾಗ) ಡೇಟಾಬೇಸ್ ಥರ ಬಳಸಿದ್ದಾರಂತೆ, ನಾವು ಬಳಸಿದ್ರೆ ಏನು? ಇಲ್ಲಾಂದ್ರೆ ಎಸ್‌ಕ್ಯೂಎಲೈಟ್ ಫೈಲನ್ನೇ ಗಿಟ್‌ಗೆ ಹಾಕಿದ್ರೆ ಎರಡೂ ಸಿಕ್ಕ ಹಾಗಾಯ್ತಲ್ಲ?

ಉತ್ತರ: ಬಳಸಿದ್ದು ನಿಜ, ಆಮೇಲೆ ಒಬ್ಬೊಬ್ಬರಾಗಿ ಬಿಟ್ಟಿದ್ದೂ ನಿಜ. ಆಪಲ್ ಫೋನಿಗೆ ಆಪ್ ಬರೆಯೋರು ಬಳಸೋ ಕೋಕೋಪಾಡ್ಸ್ ತನ್ನ ಎಲ್ಲಾ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಪಟ್ಟಿಯನ್ನ ಗಿಟ್‌ಹಬ್‌ನ ಒಂದು ರೆಪಾಸಿಟರಿಯಲ್ಲಿ, ಅಂದ್ರೆ ಇತಿಹಾಸ ಸಮೇತದ ಒಂದು ಗಿಟ್ ಸಂಗ್ರಹದಲ್ಲಿ, ಇಟ್ಟಿತ್ತು, ಒಂದೇ ಫೋಲ್ಡರಿನಲ್ಲಿ ಸಾವಿರಾರು ಉಪಫೋಲ್ಡರು, ಲೋಕದ ಎಲ್ಲಾ ಕಡೆಯಿಂದ ಜನ ಅದನ್ನ ಎಳೀತಿದ್ರು, 2016ರಲ್ಲಿ ಗಿಟ್‌ಹಬ್ ಸರ್ವರುಗಳಿಗೇ ಭಾರ ಆಗಿ ವೇಗ ಕಡಿತ ಮಾಡ್ಬೇಕಾಗಿ ಬಂತು. 2019ರಲ್ಲಿ ಅವರು ಸಾದಾ ಫೈಲುಗಳನ್ನ ಹಂಚೋ ಪದ್ಧತಿಗೆ ಹೋದ್ರು. ಸಾಫ್ಟ್‌ವೇರ್ ಇಳಿಸಿ ಹಾಕಿಕೊಡೋ ಸಾಧನಗಳಾದ ರಸ್ಟ್ ಭಾಷೆಯ ಕಾರ್ಗೋ, ಮ್ಯಾಕ್‌ನವರ ಹೋಮ್‌ಬ್ರೂ ಇವೂ 2023ರಲ್ಲಿ ಬಳಕೆದಾರರು ಇಡೀ ಗಿಟ್ ಪಟ್ಟಿ ಇಳಿಸ್ಕೊಳ್ಳೋದನ್ನ ಬಿಟ್ಟು ಬೇಕಾದಷ್ಟನ್ನ ಮಾತ್ರ ವೆಬ್ ಮೂಲಕ ತರಿಸ್ಕೊಳ್ಳೋ ದಾರಿಗೆ ಬಂದ್ವು. ಇವುಗಳಲ್ಲಿ ಒಂದು ಸಾಮ್ಯ ಗಮನಿಸಿ, ಪಟ್ಟಿಯನ್ನ ಗಿಟ್‌ನಲ್ಲಿ ಉಳಿಸ್ಕೊಂಡೇ, ಓದೋ ಲಕ್ಷಾಂತರ ಜನಕ್ಕೆ ಮಾತ್ರ ಬೇರೆ ಬಾಗಿಲು ತೆಗೆದ್ರು. ಶುರುವಲ್ಲಿ ಗಿಟ್ ಆರಿಸಿದ್ದು ಅವರಿಗೂ ತಪ್ಪಾಗಿರಲಿಲ್ಲ ಅಂತ ನನ್ನ ಅನಿಸಿಕೆ, ಬೆಳೆದ ಮೇಲೆ ಅಂಗಿ ಬಿಗಿ ಆಯ್ತು.

ಎಸ್‌ಕ್ಯೂಎಲೈಟ್ ಫೈಲನ್ನ ಹಾಗೇ ಹಾಕೋದು ಬೇಡ. ಅದು ಬೈನರಿ ಫೈಲು, ಅಂದ್ರೆ ಸಾಲು ಸಾಲಾಗಿ ಓದೋ ಅಕ್ಷರ ಅಲ್ಲ, ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ಗಿಟ್ ತೋರಿಸೋಕಾಗಲ್ಲ, ಎರಡು ಕಡೆ ಬದಲಾದ್ರೆ ಸೇರಿಸೋಕೂ ಆಗಲ್ಲ, ಒಂದನ್ನ ಬಿಸಾಡ್ಬೇಕು. ಅದಲ್ಲದೆ ಆಪ್ ಓಡ್ತಿರೋವಾಗ ಇತ್ತೀಚೆಗೆ ಬರೆದದ್ದು ಪಕ್ಕದ ವಾಲ್ ಅನ್ನೋ ಇನ್ನೊಂದು ಫೈಲಿನಲ್ಲಿ ಇರಬಹುದು, ಮುಖ್ಯ ಫೈಲ್ ಮಾತ್ರ ಕಾಪಿ ಮಾಡಿದ್ರೆ ಕೊನೇ ಲೆಕ್ಕ ತಪ್ಪಿ ಹೋಗುತ್ತೆ. ಡಂಪ್ ಕಮಾಂಡಿನಿಂದ ಅಕ್ಷರ ರೂಪಕ್ಕೆ ಇಳಿಸಿ ಅದನ್ನ ಹಾಕಿ. ಗಿಟ್‌ಹಬ್ 100 ಎಂಬಿಗಿಂತ ದೊಡ್ಡ ಫೈಲನ್ನ ಒಳಗೇ ಬಿಡಲ್ಲ, 50 ದಾಟಿದ್ರೇ ಎಚ್ಚರಿಕೆ ಕೊಡುತ್ತೆ, ಹಾಗಾಗಿ ತಿಂಗಳಿಗೊಂದು ಫೈಲ್ ಅಂತ ಒಡೆಯಿರಿ. ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು: ಎಸ್‌ಕ್ಯೂಎಲೈಟ್ ಬರೆದ ರಿಚರ್ಡ್ ಹಿಪ್ ತಮ್ಮ ಕೋಡಿಗೆ ಗಿಟ್ ಬಳಸಲ್ಲ, ಫಾಸಿಲ್ ಅಂತ ತಾವೇ ಮಾಡ್ಕೊಂಡ ವರ್ಷನ್ ಕಂಟ್ರೋಲ್ ಬಳಸ್ತಾರೆ, ಆ ಫಾಸಿಲ್ ತನ್ನ ಇತಿಹಾಸವನ್ನೆಲ್ಲಾ ಇಡೋದು ಒಂದು ಎಸ್‌ಕ್ಯೂಎಲೈಟ್ ಫೈಲಿನೊಳಗೆ. ನೀವು ಇತಿಹಾಸದ ಸಾಧನದ ಮೇಲೆ ಡೇಟಾಬೇಸ್ ಕಟ್ಟೋಕೆ ಹೊರಟಿದ್ದೀರಿ, ಅವರು ಡೇಟಾಬೇಸ್ ಮೇಲೆ ಇತಿಹಾಸ ಕಟ್ಟಿದ್ರು.

ಪ್ರಶ್ನೆ (ಸಿದ್ದಾಪುರ ಕಡೆಯ ತೋಟದ ರೈಟರ್): ಸರ್, ಕೆಲಸಕ್ಕೆ ಹೊರಗಿಂದ ಬಂದವರ ಆಧಾರ್ ನಂಬರ್, ಬ್ಯಾಂಕ್ ಅಕೌಂಟ್ ಎಲ್ಲಾ ಒಂದು ಫೈಲಿನಲ್ಲಿ ಗಿಟ್‌ಗೆ ಹೋಗಿತ್ತು. ಗೊತ್ತಾದ ಮೇಲೆ ಡಿಲೀಟ್ ಮಾಡಿ ಕಮಿಟ್ ಮಾಡಿದ್ದೀವಿ. ಈಗ ಸರಿ ಆಯ್ತಲ್ಲ?

ಉತ್ತರ: ಇಲ್ಲ, ದಯವಿಟ್ಟು ಇವತ್ತೇ ಗಮನ ಕೊಡಿ. ಡಿಲೀಟ್ ಮಾಡಿದ್ದು ಇವತ್ತಿನ ಫೋಟೋದಿಂದ ಮಾತ್ರ, ನಿನ್ನೆಯ ಫೋಟೋ ಹಾಗೇ ಇದೆ, ಹಳೇ ಕಮಿಟ್ಟಿಗೆ ಹೋದ್ರೆ ಎಲ್ಲಾ ನಂಬರೂ ಕಾಣುತ್ತೆ. ಮರೆಯದೇ ಇರೋದೇ ಗಿಟ್ಟಿನ ಗುಣ, ಇಲ್ಲಿ ಅದೇ ಕಂಟಕ. ಇತಿಹಾಸದಿಂದಲೇ ಆ ಫೈಲ್ ಕಿತ್ತು ಹಾಕೋಕೆ ಗಿಟ್ ಫಿಲ್ಟರ್ ರೆಪೋ ಅನ್ನೋ ಸಾಧನ ಇದೆ, ಅದು ಅಲ್ಲಿಂದ ಮುಂದಿನ ಎಲ್ಲಾ ಕಮಿಟ್ಟುಗಳನ್ನ ಹೊಸದಾಗಿ ಬರೆಯುತ್ತೆ, ಹ್ಯಾಶುಗಳೆಲ್ಲ ಬದಲಾಗ್ತವೆ, ಹಾಗಾಗಿ ಯಾರ್ಯಾರ ಹತ್ರ ಕಾಪಿ ಇದೆಯೋ ಅವರೆಲ್ಲ ಹಳೇದನ್ನ ಪೂರ್ತಿ ತೆಗೆದು ಹೊಸದಾಗಿ ಕ್ಲೋನ್ ಮಾಡ್ಬೇಕು, ಒಬ್ಬರು ಹಳೇದ್ರಿಂದ ಪುಶ್ ಮಾಡಿದ್ರೂ (ತಮ್ಮ ಕಮಿಟ್ ಕಳಿಸಿದ್ರೂ) ಆ ನಂಬರುಗಳು ಮತ್ತೆ ಬಂದು ಕೂರ್ತವೆ. ಪೆನ್‌ಡ್ರೈವಿನಲ್ಲಿರೋ ಬ್ಯಾಕಪ್ಪನ್ನೂ ಮರೀಬೇಡಿ. ರೆಪಾಸಿಟರಿ ಒಂದು ಗಂಟೆ ಸಾರ್ವಜನಿಕವಾಗಿ ತೆರೆದಿದ್ರೂ ನಂಬರು ಹೊರಗೆ ಹೋಗಿದೆ ಅಂತಲೇ ತಿಳ್ಕೊಂಡು ಆ ಕೆಲಸಗಾರರಿಗೆ ಅವರ ಭಾಷೆ ಗೊತ್ತಿರೋರಿಂದ ಹೇಳಿಸಿ, ಬ್ಯಾಂಕಿಗೂ ತಿಳಿಸೋಕೆ ಸಹಾಯ ಮಾಡಿ, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡೋ ಸೌಲಭ್ಯ ಇದೆ, ಅದನ್ನ ಮಾಡಿಸಿ. ಲೈನ್ ಮನೆಯಲ್ಲಿರೋ ಮನುಷ್ಯ ನಂಬಿ ಕೊಟ್ಟ ಕಾಗದ ಅದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ ತನ್ನ ಮಾಹಿತಿ ಅಳಿಸಿ ಅಂತ ಕೇಳೋ ಹಕ್ಕನ್ನೂ ಕೊಟ್ಟಿದ್ದಾರೆ, ಅಳಿಸೋಕಾಗದ ಜಾಗದಲ್ಲಿ ಇಂಥದ್ದನ್ನ ಇಡಲೇಬಾರದು. ಮೇಲಿನ ನಾಪೋಕ್ಲು ಹುಡುಗನಿಗೂ ಇದೇ ಮಾತು, ರಾತ್ರಿ ಇಳಿಸೋ ಫೈಲಿನಲ್ಲಿ ಕೆಲಸಗಾರರ ಚೆಕ್‌ರೋಲ್ ನಂಬರ್ ಮಾತ್ರ ಇರಲಿ.

ಪ್ರಶ್ನೆ (ಪೊನ್ನಂಪೇಟೆ ಹತ್ತಿರದ ನಿವೃತ್ತ ಕನ್ನಡ ಮೇಷ್ಟ್ರು): ನಾವು ನಾಲ್ಕು ಜನ ಸೇರಿ ನಮ್ಮ ಸುತ್ತಿನ ಗದ್ದೆ, ಬಾಣೆ, ತೋಡುಗಳ ಹೆಸರು, ಕೃಷಿಯ ಮಾತು, ಹಬ್ಬದ ಮಾತುಗಳನ್ನ ಸಂಗ್ರಹಿಸ್ತಾ ಇದ್ದೇವೆ. ಕನ್ನಡ ಲಿಪಿಯಲ್ಲೇ ಬರೆದಿಡುತ್ತೇವೆ. ಮೊಮ್ಮಗಳು ಗಿಟ್‌ನಲ್ಲಿ ಇಡಿ ಅನ್ನುತ್ತಾಳೆ. ಮೇಲಾಗಿ ಒಂದು ವಿಚಿತ್ರ, ‘ಕೊ’ ಇರುವ ಕೆಲವು ಮಾತು ಹುಡುಕಿದರೆ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ.

ಉತ್ತರ: ಮೇಷ್ಟ್ರೇ, ಮೊಮ್ಮಗಳ ಮಾತು ಕೇಳಿ. ಈ ಸಲದ ಐದರಲ್ಲಿ ಗಿಟ್ ಹೇಳಿ ಮಾಡಿಸಿದ ಹಾಗೆ ಕೂರೋದು ನಿಮ್ಮ ಕೆಲಸಕ್ಕೇ. ನಾಲ್ಕು ಜನ, ದಿನಕ್ಕೆ ಹತ್ತಿಪ್ಪತ್ತು ಮಾತು, ಯಾರಿಗೂ ಅವಸರ ಇಲ್ಲ. ಒಂದು ತೋಡಿಗೆ ಇಬ್ಬರು ಎರಡು ಹೆಸರು ಹೇಳಿದ್ರೆ ಅಲ್ಲಿ ಕಾನ್‌ಫ್ಲಿಕ್ಟ್ ಬರಲೇಬೇಕು, ಬಂದಾಗ ನೀವು ನಾಲ್ಕು ಜನ ಕೂತು ಮಾತಾಡ್ಬೇಕು, ಒಂದನ್ನ ಬಿಡೋ ಬದಲು ಎರಡೂ ಬರೆದು ಯಾರ ಬಾಯಿಂದ ಕೇಳಿದ್ದು ಅಂತ ಹಾಕ್ಬೇಕು. ಹತ್ತು ವರ್ಷ ಆದ್ಮೇಲೂ ಒಂದು ಸಾಲಿನ ಪಕ್ಕ ಇದನ್ನ ಯಾರು ಯಾವತ್ತು ಸೇರಿಸಿದ್ರು ಅಂತ ಗಿಟ್ ಬ್ಲೇಮ್ ಅನ್ನೋ ಕಮಾಂಡ್ ತೋರಿಸುತ್ತೆ, ಹೆಸರು ಕೇಳಿ ಹೆದರಬೇಡಿ, ದೂಷಿಸೋಕೆ ಅಲ್ಲ. ಒಂದು ಮಾತಿಗೆ ಒಂದು ಸಣ್ಣ ಫೈಲ್ ಮಾಡಿ, ಫೈಲಿನೊಳಗೆ ಅರ್ಥ, ಬಳಕೆ, ಹೇಳಿದವರ ಊರು ಒಂದೊಂದು ಸಾಲಿನಲ್ಲಿ ಇರಲಿ. ಉದ್ದ ಪ್ಯಾರಾ ಬರೆದ್ರೆ ಒಂದು ಅಕ್ಷರ ತಿದ್ದಿದ್ರೂ ಇಡೀ ಪ್ಯಾರಾ ಬದಲಾದ ಹಾಗೆ ಕಾಣುತ್ತೆ, ಅಂಥ ಕಡೆ ವರ್ಡ್ ಡಿಫ್ ಹಾಕಿ ನೋಡಿದ್ರೆ ಬದಲಾದ ಪದ ಮಾತ್ರ ಬಣ್ಣದಲ್ಲಿ ಬರುತ್ತೆ.

‘ಕೊ’ ಸಿಗದೇ ಇರೋ ವಿಷಯ. ಯೂನಿಕೋಡಿನಲ್ಲಿ ಈ ಕೊಂಬಿನ ಒತ್ವವನ್ನ ಎರಡು ರೀತಿ ಬರೀಬಹುದು. ಕ ಆದ್ಮೇಲೆ ಒ ಸ್ವರದ ಚಿಹ್ನೆ ಒಂದೇ ಸಂಕೇತವಾಗಿ ಬರಬಹುದು, ಇಲ್ಲಾ ಎತ್ವ ಒಂದು, ಊ ಸ್ವರದ ಕೊಂಬು ಒಂದು ಅಂತ ಎರಡು ಸಂಕೇತ ಸೇರಿ ಬರಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಒಳಗೆ ಒಂದು 6 ಬೈಟ್, ಇನ್ನೊಂದು 9 ಬೈಟ್. ನಾಲ್ಕು ಜನರ ಕೀಬೋರ್ಡು, ಹಳೇ ಫಾಂಟಿನಿಂದ ಬದಲಾಯಿಸಿ ತಂದ ಬರಹ ಎಲ್ಲಾ ಬೇರೆ ಬೇರೆ ಇದ್ದಾಗ ‘ಕೊಡಗು’ ಅನ್ನೋ ಮಾತೇ ಎರಡು ರೂಪದಲ್ಲಿ ಕೂತಿರುತ್ತೆ, ಕಂಪ್ಯೂಟರಿಗೆ ಅವು ಎರಡು ಬೇರೆ ಮಾತು, ಗಿಟ್ಟಿಗೂ ಹಾಗೇ, ಯಾರೂ ಏನೂ ತಿದ್ದದೆ ಸಾಲು ಬದಲಾಗಿದೆ ಅನ್ನುತ್ತೆ. ಇದಕ್ಕೆ ಮದ್ದು ಎನ್‌ಎಫ್‌ಸಿ ಅನ್ನೋ ಒಂದೇ ರೂಪಕ್ಕೆ ತರೋದು. ಪೈಥಾನಿನಲ್ಲಿ ಯೂನಿಕೋಡ್‌ಡೇಟಾ ಅನ್ನೋ ಮಾಡ್ಯೂಲ್ ಜೊತೆಗೇ ಬರುತ್ತೆ, ಎಲ್ಲಾ ಫೈಲನ್ನೂ ಓದಿ ನಾರ್ಮಲೈಸ್ ಮಾಡಿ ಮತ್ತೆ ಬರೆಯೋಕೆ ಮೊಮ್ಮಗಳಿಗೆ ಹತ್ತು ಸಾಲು ಸಾಕು. ಈ ಬದಲಾವಣೆಯನ್ನ ಬೇರೆ ಯಾವ ತಿದ್ದುಪಡಿ ಜೊತೆಗೂ ಸೇರಿಸದೆ ಒಂದೇ ಕಮಿಟ್ ಮಾಡಿ, ‘ಅಕ್ಷರ ರೂಪ ಒಂದು ಮಾಡಿದ್ದು, ಮಾತು ಬದಲಾಗಿಲ್ಲ’ ಅಂತ ಬರೀರಿ. ಆಮೇಲೆ ಪ್ರತಿ ಕಮಿಟ್ಟಿಗೂ ಮುಂಚೆ ತಾನಾಗೇ ಇದು ನಡೆಯೋ ಹಾಗೆ ಪ್ರೀ ಕಮಿಟ್ ಹುಕ್ ಹಾಕ್ಬಹುದು, ಅದು ನಾಲ್ಕೂ ಜನರ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿ ಹಾಕ್ಬೇಕು, ಕ್ಲೋನ್ ಮಾಡಿದ್ರೆ ಹುಕ್ ಜೊತೆಗೆ ಬರಲ್ಲ.

ಫೈಲಿನ ಹೆಸರನ್ನೂ ಕನ್ನಡದಲ್ಲೇ ಇಡಿ, ಏನೂ ತೊಂದರೆ ಇಲ್ಲ. ಮೊದಲ ದಿನ ಗಿಟ್ ಸ್ಟೇಟಸ್ ನೋಡಿದ್ರೆ ನಿಮ್ಮ ಮಾತುಗಳ ಜಾಗದಲ್ಲಿ ಓರೆಗೆರೆ 340, ಓರೆಗೆರೆ 262 ಅಂತ ಬರೀ ಅಂಕಿ ಸಾಲು ಕಾಣುತ್ತೆ, ಫೈಲ್ ಹಾಳಾಯ್ತು ಅಂತ ಗಾಬರಿ ಆಗ್ಬೇಡಿ, ಇಂಗ್ಲಿಷ್ ಅಲ್ಲದ ಅಕ್ಷರನ ಗಿಟ್ ಹಾಗೆ ತೋರಿಸುತ್ತೆ. ಸೆಟ್ಟಿಂಗಿನಲ್ಲಿ ಕೋರ್ ಡಾಟ್ ಕೋಟ್‌ಪಾತ್ ಅನ್ನೋದನ್ನ ಫಾಲ್ಸ್ ಮಾಡೋಕೆ ಮೊಮ್ಮಗಳಿಗೆ ಹೇಳಿ, ಬಾಣೆ, ತೋಡು, ಗದ್ದೆ ಎಲ್ಲಾ ಕನ್ನಡದಲ್ಲೇ ಸಾಲಾಗಿ ಬರ್ತವೆ.